ಟೀವಿಯಲ್ಲಿ ಉರಿದ ಲಾರಿ

ರಾವಂದೂರು
೧೮-೭-೧೯೯೯

ಪ್ರೀತಿಯ ಯಜಮಾನರಿಗೆ,

ನಿಮ್ಮ ಪ್ರಮೀಳಾ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯೋಕೆ ಕೈ ಬರ್ತಾ ಇಲ್ಲ. ಉಸಿರಾಡ್ತಾ ಇದ್ದೀವಿ, ಅಷ್ಟೇ. ನಿಮ್ಮ ಕಾಗದ ಬಂದು ಮೂರ್ನಾಲ್ಕು ದಿನ ಆಯ್ತು. ಉತ್ತರ ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಹೊಗೆಸೊಪ್ಪಿನ ಕೆಲಸ ಜೋರಿದೆ ನಿಜ, ಆದರೆ ತಡವಾಗಿದ್ದು ಅದಕ್ಕಲ್ಲ. ಆ ಕಾಗದ ನೀವೇ ಬರೆಸಿದ್ದೋ ಅಲ್ಲವೋ ಅನ್ನೋದೇ ನನಗೆ ಗೊತ್ತಾಗಲಿಲ್ಲ. ಇಲ್ಲದವರಿಗೆ ಕಾಗದ ಬರೆದರೆ ಜನ ಹುಚ್ಚಿ ಅಂತಾರೆ. ಇರೋರಿಗೆ ಬರೆಯದೆ ಹೋದರೆ ಪಾಪ ಸುತ್ತಿಕೊಳ್ತದೆ. ಹುಚ್ಚಿ ಅನ್ನಿಸಿಕೊಂಡರೂ ಪರವಾಗಿಲ್ಲ ಅಂತ ಕೂತಿದ್ದೀನಿ.

ಅಕ್ಷರ ನಿಮ್ಮದಲ್ಲ. ಬಲಗೈಗೆ ಕಲ್ಲಿನ ಚೂರು ಹೊಡೆದು ಪಟ್ಟಿ ಕಟ್ಟಿದ್ದಾರೆ, ಆಸ್ಪತ್ರೆಯಲ್ಲಿದ್ದೀನಿ, ಜೊತೆಗಾರ ಬರೀತಿದ್ದಾನೆ ಅಂತ ಇದೆ. ಇರಬಹುದು. ಆದರೆ ‘ನಾ ಇಲ್ಲೆ ಆರಾಮ ಅದೀನಿ, ಚಿಂತಿ ಮಾಡಬ್ಯಾಡ’ ಅನ್ನೋ ಸಾಲು ಇದೆಯಲ್ಲ, ನಿಮ್ಮ ತಂಗಿ ಸುಧಾ ಅದನ್ನು ಓದುತ್ತಿದ್ದ ಹಾಗೇ ನಿಮ್ಮವ್ವ ಕೈ ಅಡ್ಡ ಹಿಡಿದರು. “ನಿಲ್ಸವ್ವ! ನನ್ ಮಗ ಯಾವತ್ತು ಅದೀನಿ ಅಂದಿದ್ದ? ಇದು ಯಾರೋ ಬ್ಯಾರೆ ಸೀಮೆಯೋರು ನಮ್ ಬಾಯಿ ಮುಚ್ಸಕ್ಕೆ ಬರ್ದವ್ರೆ ಕಣವ್ವ” ಅಂದರು. ಬರೆದವರು ಹುಬ್ಬಳ್ಳಿ ಕಡೆಯೋರು ಇರಬೇಕು ಕಣತ್ತೆ, ಅವರ ಮಾತೇ ಹಂಗೆ ಅಂತ ನಾನಂದೆ. ಅಂದಿದ್ದೇನೋ ಅಂದೆ, ನನ್ನೊಳಗೂ ಚುರುಕ್ ಅಂತು.

ನಾನು ಯಾಕೆ ಇಷ್ಟು ಅನುಮಾನದವಳಾದೆ ಅಂತ ನಿಮಗೆ ಗೊತ್ತಾಗಬೇಕಾದರೆ ಮೊದಲಿಂದ ಹೇಳಬೇಕು. ಓದಿ ಗಾಬರಿ ಆಗಬೇಡಿ. ಇಲ್ಲಿ ನಿಮ್ಮನ್ನ ಸಾಯಿಸಿಬಿಟ್ಟಿದ್ದಾರೆ.

ಹೋದ ತಿಂಗಳ ಕೊನೇಲಿ, ಒಂದು ಸಂಜೆ ಪಕ್ಕದ ಮನೆ ಮಾಯಮ್ಮಜ್ಜಿ ಓಡಿ ಬಂದು, “ಬನ್ರವ್ವೋ, ಟೀವೀಲಿ ಯುದ್ಧ ತೋರಿಸ್ತಾವ್ರೆ” ಅಂತ ಕರೆದರು. ಪಿರಿಯಾಪಟ್ಟಣದ ಕೇಬಲ್‌ನ ರುದ್ರಸ್ವಾಮಿ ಗೊತ್ತಲ್ಲ, ನಮ್ಮ ಮದುವೆಗೆ ವಿಡಿಯೋ ತೆಗೆದೋರು, ಅವರು ವಾರ್ತೆ ಆದ ಮೇಲೆ ತಮ್ಮದೇ ಒಂದು ಕಾರ್ಯಕ್ರಮ ಹಾಕ್ತಾರೆ. ಅವತ್ತು ‘ಕಾರ್ಗಿಲ್ಲಿನ ಸಾಕ್ಷಾತ್ ದೃಶ್ಯ’ ಅಂತ ಹಾಕಿದ್ದರು. ಬೋಳು ಬೆಟ್ಟ, ಕಚ್ಚಾ ರಸ್ತೆ, ಒಂದು ಮಿಲಿಟರಿ ಲಾರಿ. ಸಿಪಾಯಿ ಒಬ್ಬ ನಮ್ಮ ಕಡೆ ಬೆನ್ನು ಹಾಕಿ ನಡ್ಕೊಂಡು ಹೋಗಿ ಲಾರಿ ಹತ್ತಿದ. ಲಾರಿ ತಿರುವು ದಾಟಿ ಎದುರು ಬೆಟ್ಟದ ಮೇಲೆ ಸಣ್ಣದಾಗಿ ಕಾಣೋ ಹೊತ್ತಿಗೆ ಆಕಾಶದಿಂದ ಬೆಂಕಿ ಗೆರೆ ಎಳೆದ ಹಾಗೆ ಏನೋ ಬಂತು. ಡಮ್ ಅಂತು. ಲಾರಿ ಇದ್ದ ಕಡೆ ಬರೀ ಹೊಗೆ. “ಶತ್ರುಗಳ ಕ್ಷಿಪಣಿಗೆ ನಮ್ಮ ವೀರಯೋಧ ಬಲಿ” ಅಂತ ಕನ್ನಡದಲ್ಲಿ ಯಾರೋ ಹೇಳಿದರು.

ನಿಮ್ಮವ್ವ ಎದ್ದು ನಿಂತೇಬಿಟ್ಟರು. “ನನ್ ಮಗ! ಅದು ನನ್ ಧರ್ಮೇಂದ್ರ ಕಣ್ರಪ್ಪೋ! ಎಡಗಡೆ ವಾಲ್ಕೊಂಡು ನಡೆಯದು ಅವನೇಯ!” ಅಂತ ಟೀವಿ ಮೇಲೆ ಕೈ ಇಟ್ಟು ಕೂಗಿಕೊಂಡರು. ಮುಖ ಕಾಣಲೇ ಇಲ್ಲವಲ್ಲ ಅತ್ತೆ ಅಂದೆ. “ಹೆತ್ತೋಳಿಗೆ ಮಖ ಯಾಕವ್ವ ಬೇಕು? ನಡಿಗೆ ಸಾಲ್ದಾ?” ಅಂದರು.

ಮಾರನೇ ದಿನ ಸಂಜೆ ಅದೇ ದೃಶ್ಯ ಮತ್ತೆ ಬಂತು. ಈ ಸಲ ಕೆಳಗಡೆ ನಿಮ್ಮ ಹೆಸರು, ನಿಮ್ಮಪ್ಪನ ಹೆಸರು, ಊರು ಎಲ್ಲ ಬರೆದು ‘ನಮನ’ ಅಂತ ಹಾಕಿದ್ದರು. ಆಮೇಲೆ ಕೇಳಬೇಕೇ? ಊರಿಗೆ ಊರೇ ಬಾಗಿಲಿಗೆ ಬಂತು. ನಿಮ್ಮಪ್ಪ ಮೈಸೂರಿಗೆ ಹೋಗಿ ಸೈನಿಕರ ಕಚೇರಿಲಿ ಕೇಳಿದರು. ಅಂಥ ಸುದ್ದಿ ಯಾವುದೂ ನಮಗೆ ಬಂದಿಲ್ಲ ಅಂದರಂತೆ. ಅದನ್ನ ಊರಲ್ಲಿ ಹೇಳಿದರೆ, “ಅವ್ರು ಎಲ್ಲಿ ಹೇಳಾರು ಸಣ್ಣಬೀರಣ್ಣ, ಯುದ್ಧ ಮುಗಿಯಗಂಟ ಮುಚ್ಚಿಡ್ತಾರೆ” ಅಂದರು. ನಿಮ್ಮಪ್ಪ ಜಗುಲಿ ಕಂಬ ಒರಗಿ ಕೂತವರು ಅವತ್ತು ಊಟಕ್ಕೂ ಏಳಲಿಲ್ಲ.

ಹೆಂಗಸರು ಸೇರಿ ನನ್ನ ಬಳೆ ಒಡೆಯೋಕೆ ಬಂದರು. ನಾನು ಎರಡು ಕೈಯನ್ನೂ ಕಂಕುಳಲ್ಲಿ ಇಟ್ಕೊಂಡು ಗೋಡೆಗೆ ಒರಗಿ ನಿಂತೆ. “ಸರ್ಕಾರದ ಕಾಗದ ತೋರಿಸಿ, ನಾನೇ ಒಡ್ಕೋತೀನಿ” ಅಂದೆ. ಮಾಯಮ್ಮಜ್ಜಿ, “ಹಟ ಮಾಡಬ್ಯಾಡ ಮಗ, ಹೆತ್ತೋಳೇ ಒಪ್ಕಂಡವ್ಳೆ” ಅಂದರು. ಒಬ್ಬ ಮುಖಂಡರು ಹಾರ ಹಿಡ್ಕೊಂಡು ಬಂದು, ಸ್ಕೂಲ್ ಮೈದಾನದಲ್ಲಿ ದೊಡ್ಡ ಪರದೆ ಕಟ್ಟಿ ಆ ವಿಡಿಯೋ ತೋರಿಸಿ ಸಭೆ ಮಾಡೋಣ ಅಂತ ನಿಮ್ಮ ಫೋಟೋ ಕೇಳಿದರು. ಕೊಡಲ್ಲ ಅಂದೆ. ಅವತ್ತಿಂದ ನಾನು ನಲ್ಲಿ ಹತ್ತಿರ ಹೋದರೆ ಮಾತು ನಿಲ್ತಿತ್ತು. “ಗಂಡ ಸತ್ರೂ ಹೂವು ಮುಡ್ಕಂಡು ತಿರುಗ್ತಾಳೆ” ಅಂದಿದ್ದು ಬೆನ್ನ ಹಿಂದೆಯೇ ಕೇಳಿಸ್ತು. ಹೂವು ಮುಡಿಯೋ ಆಸೆ ನನಗೆಲ್ಲಿತ್ತು ಹೇಳಿ? ಆದರೆ ಒಂದು ದಿನ ಮುಡಿಯದೆ ಹೋದರೂ ಒಪ್ಕೊಂಡಂಗೆ ಅಂತ ಬೇಕಂತಲೇ ಮುಡೀತಿದ್ದೆ.

ಸುಧಾನ ಕರ್ಕೊಂಡು ಪಿರಿಯಾಪಟ್ಟಣಕ್ಕೆ ಹೋದೆ. ಆ ಟೇಪು ಇನ್ನೊಂದ್ಸಲ ತೋರಿಸಿ ಅಂತ ರುದ್ರಸ್ವಾಮಿಯನ್ನ ಕೇಳಿದೆ. “ಯಾಕಮ್ಮ ಸುಮ್ಮನೆ ಸಂಕಟ ಪಡ್ತೀರಾ” ಅಂದರು. ಬಾಯಲ್ಲಿ ಮರುಕ ಇತ್ತು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ. ಅಲ್ಲೇ ನನಗೆ ಗುಮಾನಿ ಬಂತು. ನೋಡದೆ ಎದ್ದು ಹೋಗಲ್ಲ ಅಂತ ಕೂತ ಮೇಲೆ ಹಾಕಿದರು.

ನೋಡಿದೆ. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿಸಿ ನೋಡಿದೆ. ಆ ಸಿಪಾಯಿ ಲಾರಿ ಎಡಗಡೆ ಬಾಗಿಲಿಂದ ಹತ್ತಿ, ಅಲ್ಲೇ ಕೂತು, ಗಾಡಿ ಓಡಿಸ್ತಾನೆ. ಸ್ಟೀರಿಂಗು ಎಡಕ್ಕಿದೆ. “ನಮ್ಮನೆಯವರು ಮಿಲಿಟರಿ ಡ್ರೈವರ್ರು. ಅವರ ಲಾರಿ ಮುಂದೆ ನಿಂತಿರೋ ಫೋಟೋ ಮನೇಲಿದೆ. ನಮ್ಮ ಗಾಡಿಗೆ ಸ್ಟೀರಿಂಗು ಬಲಗಡೆ ಅಲ್ವಾ?” ಅಂದೆ. ಅವರು ಸ್ವಲ್ಪ ಯೋಚಿಸಿ, “ಕಾಪಿ ಮೇಲೆ ಕಾಪಿ ಮಾಡುವಾಗ ಎಡ ಬಲ ಅದಲು ಬದಲಾಗಿರಬೌದಮ್ಮ” ಅಂದರು. ಹಂಗೂ ಆಗ್ತದೋ ಏನೋ, ನನಗೇನು ಗೊತ್ತು.

ಸುಧಾ “ಹೋಗಣ ನಡಿ ಅತ್ತಿಗೆ” ಅಂತ ಎದ್ದಳು. ಆಗ ಕೊನೇ ಸಲ ಅಂತ ನೋಡ್ತಿದ್ದಾಗ ಹೊಳೀತು. ಎದುರು ಬೆಟ್ಟ ಎಷ್ಟೋ ದೂರ ಇದೆ. ಆದರೆ ಬೆಂಕಿ ಕಂಡ ಚಣಕ್ಕೇ ಸದ್ದು! ನಮ್ಮೂರ ಹಿಂದೆ ಬಂಡೆಗೆ ಮದ್ದು ಇಟ್ಟು ಸಿಡಿಸೋದನ್ನ ಹಿತ್ತಿಲಿಂದ ನೋಡ್ತೀವಲ್ಲ, ಮೊದಲು ದೂಳು ಏಳ್ತದೆ, ಆಮೇಲೆ ಸದ್ದು ಬರ್ತದೆ. “ಸ್ವಾಮಿ, ಈ ಸದ್ದು ಎಲ್ಲಿಂದ ಬಂತು?” ಅಂತ ಕೇಳಿದೆ.

ರುದ್ರಸ್ವಾಮಿ ಟೇಪು ನಿಲ್ಲಿಸಿದರು. “ಸದ್ದು ಇರಲಿಲ್ಲ ಕಣಮ್ಮ. ಮೂಕಾಗಿತ್ತು. ಜನಕ್ಕೆ ಚೆನ್ನಾಗಿರಲಿ ಅಂತ ನಾವೇ ಸೇರಿಸಿದ್ವಿ.”

“ಸದ್ದು ಸೇರಿಸಿದೋರು ಇನ್ನೇನೇನು ಸೇರಿಸಿದ್ದೀರಿ?”

ಆಮೇಲೆ ಒಂದೊಂದೇ ಹೊರಗೆ ಬಂತು. ಮೈಸೂರಲ್ಲಿ ಯಾರೋ ಕೊಟ್ಟ ಟೇಪಂತೆ. ಯಾವ ದೇಶದ್ದೋ, ಯಾವ ಹಳೇ ಯುದ್ಧದ್ದೋ, ಕೊಟ್ಟವರಿಗೂ ಗೊತ್ತಿಲ್ಲವಂತೆ. ಕನ್ನಡದ ಮಾತು ಇವರು ಹೇಳಿಸಿದ್ದಂತೆ. “ಮತ್ತೆ ನಮ್ಮನೆಯವರ ಹೆಸರು?” ಅಂದರೆ, “ಅದು ನನ್ನ ಕಲ್ಪನೆ ಅಲ್ಲಮ್ಮ, ಆಣೆ. ನಿಮ್ಮೂರಿನೋರೇ ಫೋನ್ ಮಾಡಿದ್ರು. ಸ್ವಂತ ತಾಯಿ ಗುರುತು ಹಿಡಿದವ್ರೆ ಅಂದ್ರು. ತಾಯಿ ಹೇಳಿದ ಮೇಲೆ ಇಲ್ಲ ಅನ್ನೋಕೆ ನಾನ್ಯಾರು?” ಅಂದರು.

ನೋಡಿದ್ರಾ? ನಿಮ್ಮವ್ವ ಟೀವಿ ನಂಬಿದರು, ಟೀವಿಯವರು ನಿಮ್ಮವ್ವನ್ನ ನಂಬಿದರು, ಊರವರು ಇಬ್ಬರನ್ನೂ ನಂಬಿದರು. ಮಧ್ಯದಲ್ಲಿ ನೀವು ಸತ್ತುಹೋದಿರಿ.

‘ತಪ್ಪಾಗಿದೆ’ ಅಂತ ಕೇಬಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರು. ಅವತ್ತು ಕರೆಂಟ್ ಇರಲಿಲ್ಲ, ಯಾರೂ ನೋಡಲಿಲ್ಲ. ನಾನು ಬಸ್ಸಿಳಿದು ಓಡಿ ಬಂದು ಹೇಳಿದಾಗ ನಿಮ್ಮವ್ವ ಎಲ್ಲ ಕೇಳಿ, “ಟೇಪು ಸುಳ್ಳಾಗಿರಬೌದು ಬುಡು. ನಡಿಗೆ ಮಾತ್ರ ನನ್ ಮಗಂದೇ” ಅಂದರು. ಟೇಪು ಸುಳ್ಳು ಅಂದ ಮಾತ್ರಕ್ಕೆ ನೀವು ಇದ್ದೀರಿ ಅಂತ ಆಗಲ್ಲವಲ್ಲ. ಅದು ನನಗೂ ಗೊತ್ತಿತ್ತು. ಅಷ್ಟರಲ್ಲಿ ಈ ‘ಆರಾಮ ಅದೀನಿ’ ಕಾಗದ.

ಈಗ ನಾನು ಟೀವಿಯಲ್ಲಿ ಮಳೆ ಅಂದರೂ ಅಂಗಳಕ್ಕೆ ಹೋಗಿ ಕೈ ಚಾಚಿ ನೋಡ್ತೀನಿ. ಅದಕ್ಕೆ ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಹೋದ ರಜೆ ಮುಗಿಸಿ ಹೊರಟಾಗ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನನಗೆ ಏನು ಕೊಡಿಸಿದಿರಿ? ಕೊಡಿಸಿ ಏನಂದಿರಿ? ಉತ್ತರ ಎಡಗೈಲಿ ಬರೀರಿ. ಸೊಟ್ಟಗಾದರೂ ಸರಿ, ನೀವೇ ಬರೀರಿ. ಬರೆದುಕೊಡ್ತಿರೋ ಆ ಅಣ್ಣನಿಗೆ ನನ್ನ ನಮಸ್ಕಾರ ಹೇಳಿ, ಅನುಮಾನ ಪಟ್ಟಿದ್ದಕ್ಕೆ ಕ್ಷಮಿಸಲಿ.

ಇರೋದಾದರೆ ಬೇಗ ಬರೆಯಿರಿ.

ನಿಮ್ಮ
ಪ್ರಮೀಳಾ


ರಾವಂದೂರು
೧೦-೮-೧೯೯೯

ಪ್ರೀತಿಯ ಯಜಮಾನರಿಗೆ,

ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಈ ಸಲ ಕೈ ತಡೆಯದೆ ಬರೆದೆ ನೋಡಿ.

ನಿಮ್ಮ ಎಡಗೈ ಅಕ್ಷರ ಬಂತು. ಇರುವೆ ಮಸಿಯಲ್ಲಿ ಬಿದ್ದು ನಡೆದ ಹಾಗಿದೆ. “ಬೇಯಿಸಿದ ಕಡ್ಲೆಕಾಯಿ. ಸಿಪ್ಪೆ ಮಡಿಲಲ್ಲಿ ಇಟ್ಕೊ, ಬಸ್ಸಲ್ಲಿ ಉಗೀಬೇಡ, ಕಂಡಕ್ಟರ್ ಬೈತಾನೆ ಅಂದೆ.” ಸುಧಾ ಓದಿ ಮುಗಿಸೋ ಮುಂಚೆ ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಅತ್ತಿದ್ದು ಹೊಗೆಗೆ ಅಂತ ಎಲ್ಲರೂ ಅಂದುಕೊಳ್ಳಲಿ ಅಂತ ಒಲೆ ಊದಿದೆ.

ನಿಮ್ಮಪ್ಪ ಕಾಗದ ಹಿಡ್ಕೊಂಡು ಬೀದಿ ಬೀದಿ ತಿರುಗಿ ಓದಿಸಿದರು. ಮಾಯಮ್ಮಜ್ಜಿ ಬಂದು ನನ್ನ ಕೈ ಹಿಡಿದು ಬಳೆಗಳನ್ನ ಸುಮ್ಮನೆ ಸವರಿ ಹೋದರು. ಹಾರ ತಂದಿದ್ದ ಮುಖಂಡರು ಮತ್ತೆ ಈ ಕಡೆ ಬಂದಿಲ್ಲ. ನಿಮ್ಮವ್ವ ಮಾತ್ರ ಆ ಸೊಟ್ಟ ಅಕ್ಷರದ ಮೇಲೆ ಬೆರಳಾಡಿಸ್ತಾ ಬಹಳ ಹೊತ್ತು ಕೂತಿದ್ದರು. ಆಮೇಲೆ, “ನಾನೇ ನನ್ ಬಾಯಾರ ಮಗನ್ನ ಕೊಂದುಬುಟ್ನಲ್ಲವ್ವ” ಅಂದರು. ನಾನು ಹತ್ತಿರ ಕೂತು, ಇಲ್ಲ ಬುಡಿ ಅತ್ತೆ, ನಿಮಗೆ ಮಗನ ಮೇಲೆ ಅಷ್ಟು ಪ್ರಾಣ, ಅದಕ್ಕೆ ಎಲ್ಲೆಲ್ಲೂ ಅವರೇ ಕಾಣ್ತಾರೆ ಅಂದೆ. ಅವರು ನಿಮಗೆ ಆಶೀರ್ವಾದ ಹೇಳಿದ್ದಾರೆ. ಬೀರೇದೇವರಿಗೆ ಹರಕೆ ಕಟ್ಟಿದ್ದಾರೆ, ಬಂದ ಮೇಲೆ ಹೋಗಬೇಕಂತೆ.

ರಜೆ ಸಿಕ್ತದೆ ಅಂತ ಬರೆದಿದ್ದೀರಿ. ಕೈ ಪೂರಾ ವಾಸಿ ಮಾಡಿಕೊಂಡೇ ಬನ್ನಿ. ದೇವರು ನಿಮ್ಮನ್ನ ತಣ್ಣಗಿಟ್ಟಿರಲಿ.

ನಿಮ್ಮ
ಪ್ರಮೀಳಾ

ಮರೆತಿದ್ದೆ: ಮರೆತಿರಲಿಲ್ಲ, ಬರೆಯೋಕೆ ಧೈರ್ಯ ಬರಲಿಲ್ಲ. “ಅದು ತನ್ನ ಗಂಡ ಅಲ್ಲ ಅಂತ ಪ್ರಮೀಳಾ ನೋಡಿದ ತಕ್ಷಣ ಹೇಳಿದ್ಳು, ಹೆಂಡ್ತಿ ಅಂದ್ರೆ ಅಂಗಿರಬೇಕು” ಅಂತ ಈಗ ಊರೆಲ್ಲ ಹೊಗಳ್ತಾರೆ. ಅದು ಸುಳ್ಳು ಕಣ್ರೀ. ರುದ್ರಸ್ವಾಮಿ ರೂಮಿನಲ್ಲಿ ನಾನು ಮೊದಲು ನೋಡಿದ್ದು ಸ್ಟೀರಿಂಗೂ ಅಲ್ಲ, ಸದ್ದೂ ಅಲ್ಲ. ಆ ಬೆನ್ನನ್ನೇ ನೋಡಿದೆ. ಹಿಂದಕ್ಕೆ ತಿರುಗಿಸಿ ತಿರುಗಿಸಿ ಅದನ್ನೇ ನೋಡಿದೆ. ನೀವು ಹೌದೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಮದುವೆಯಾದ ಮೇಲೆ ನೀವು ಇಲ್ಲಿದ್ದ ದಿನಗಳೆಲ್ಲ ಸೇರಿಸಿದರೆ ಒಂದು ಮಳೆಗಾಲ ತುಂಬಲ್ಲ. ನೀವು ಹೊರಟಾಗಲೆಲ್ಲ ನಾನು ತಲೆ ತಗ್ಗಿಸಿ ಅಳ್ತಾ ನಿಂತಿರ್ತೀನಿ, ನಿಮ್ಮ ಬೆನ್ನು ನೋಡಿಯೇ ಇಲ್ಲ. ನಿಮ್ಮವ್ವನಿಗೆ ತಪ್ಪು ಮಾಡೋಕಾದರೂ ಒಂದು ನಡಿಗೆ ಗೊತ್ತಿತ್ತು. ನನಗೆ ಅದೂ ಇಲ್ಲ. ಬಂದಾಗ ಬಸ್ಸಿಳಿದು ನನ್ನ ಕಡೆ ತಿರುಗಬೇಡಿ. ಸುಮ್ಮನೆ ಮನೆ ತನಕ ಮುಂದೆ ನಡೀರಿ, ನಿಧಾನಕ್ಕೆ. ನಾನು ಹಿಂದೆ ಬರ್ತೀನಿ.