ಚಿಕ್ಕ ಗೇಟಿನ ಸೊನ್ನೆಗಳು

ಬುಧವಾರ, ಊಟದ ಬಿಡುವಿನಲ್ಲಿ

ನನ್ನ ಗುಬ್ಬಿಗೆ,

ಅಕ್ಕನ ಅಕ್ಕರೆಯ ಆಶೀರ್ವಾದ. ದಿನಾ ಬೆಳಗ್ಗೆ ಗೇಟಿನ ಕಿಟಕಿಯಲ್ಲಿ ನಿನ್ನ ಮುಖ ನೋಡುವವಳು ಕಾಗದ ಯಾಕೆ ಬರೆದಳು ಅಂತ ನಗಬೇಡ. ಎದುರಿಗೆ ಹೇಳಲು ಬಾಯಿ ಬರುತ್ತಿಲ್ಲ, ಅದಕ್ಕೇ ಬುಟ್ಟಿ ಮಾರುವವನ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ಚಿಕ್ಕ ಗೇಟು ಮುಚ್ಚುತ್ತಾರಂತೆ ಕಣೇ. ಮುಂದಿನ ತಿಂಗಳ ಒಂದರಿಂದ. ಆದೇಶ ಸೋಮವಾರವೇ ಬಂತು. ಬೋರ್ಡಿಗೆ ಅಂಟಿಸಬೇಕಾದವಳು ನಾನೇ, ಇನ್ನೂ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೇನೆ. ಕಾರಣ ಒಂದೇ ಸಾಲು: ಎರಡು ವರ್ಷಗಳಲ್ಲಿ ಈ ಗೇಟಿನ ಮೂಲಕ ಎರಡು ದೇಶಗಳ ನಡುವೆ ಯಾವ ವ್ಯಾಪಾರವೂ ನಡೆದಿಲ್ಲ.

ಓದಿ ನಗು ಬಂತು. ಅಮ್ಮ ಈ ಕಡೆ ನಮ್ಮ ಹಜಾರದಲ್ಲಿ ಕೂತು ಚಪ್ಪಲಿಯ ಅಟ್ಟೆ ಕತ್ತರಿಸುತ್ತಾಳೆ, ನೀನು ಅದನ್ನು ಆ ಕಡೆ ಒಯ್ದು ಪಟ್ಟಿ ಹೊಲಿಯುತ್ತೀಯ. ಗಡಿಯ ಗೆರೆ ಎಳೆಯುವ ಮುಂಚೆ ಇದು ಒಂದೇ ಬೀದಿ. ಈ ಮನೆಯ ಅಟ್ಟೆ ಆ ಮನೆಗೆ ಹೋದರೆ ಅದನ್ನು ಯಾರೂ ರಫ್ತು ಅನ್ನುತ್ತಿರಲಿಲ್ಲ. ಈಗ ಹೋದರೆ ರಫ್ತು, ಚಪ್ಪಲಿಯಾಗಿ ಅಮ್ಮನ ಕೈಯಲ್ಲಿ ಮೆರುಗು ಹಚ್ಚಿಸಿಕೊಳ್ಳಲು ವಾಪಸ್ ಬಂದರೆ ಆಮದು. ಅದೂ ನಾನು ರಿಜಿಸ್ಟರಿನಲ್ಲಿ ಬರೆದರೆ ಮಾತ್ರ. ಬರೆಯದಿದ್ದರೆ ಏನೂ ಇಲ್ಲ.

ಈಗ ನಿಜ ಹೇಳುತ್ತೇನೆ, ಬೈಯಬೇಡ. ಆ ರಿಜಿಸ್ಟರಿನಲ್ಲಿರುವ ಸೊನ್ನೆಗಳೆಲ್ಲ ನನ್ನ ಕೈಬರಹ. ಕೈಚೀಲಗಳು ಲೆಕ್ಕಕ್ಕೇ ಬರುವುದಿಲ್ಲ ಅಂತ ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಹತ್ತು ಕಿಲೋ ಮೀರಿದರೆ ಸುಂಕದ ಚೀಟಿ ನಾಲ್ಕು ಪ್ರತಿ ತುಂಬಬೇಕು, ಅದಕ್ಕೆ ಅರ್ಧ ದಿನ ಸಾಲು ನಿಲ್ಲಬೇಕು. ನಿನ್ನ ಚೀಲ ಎಂದೂ ಇಪ್ಪತ್ತಕ್ಕೆ ಕಡಿಮೆ ತೂಗಿದ್ದಿಲ್ಲ. ಮೊದಲ ದಿನ ನೀನು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಮುಂದೆ ನಿಂತಾಗ ನನ್ನ ಕರುಳು ಚುರುಕ್ ಅಂದಿತು. ಸೊನ್ನೆ ಬರೆದು, ಹೋಗೇ ಅಂದುಬಿಟ್ಟೆ. ತಂಗಿಗೆ ಒಂದು ನ್ಯಾಯ ಮಾಡಿದ ಮೇಲೆ ಪೊರಕೆ ಮಾರುವವಳಿಗೂ ಬುಟ್ಟಿಯವನಿಗೂ ಆಗಲ್ಲ ಅನ್ನಲು ನನಗೆ ಯಾವ ಮುಖವಿತ್ತು? ಸೊನ್ನೆ ಬರೆಯೋಕೂ ಸಂಬಳ ಕೊಡ್ತಾರಾ ಅಕ್ಕಾ ಅಂತ ನೀನು ರೇಗಿಸುತ್ತಿದ್ದೆ. ಕೊಟ್ಟರು ಕಣೇ, ಎರಡು ವರ್ಷ ಕೊಟ್ಟರು.

ದೊಡ್ಡ ಗೇಟಿಗೆ ಎರಡು ಬಸ್ಸು ಬದಲಾಯಿಸಬೇಕು. ಮಗು ಕಟ್ಟಿಕೊಂಡು ನೀನು ದಿನಾ ಬರಲಾರೆ, ಅಮ್ಮನ ಮಂಡಿ ಹೊಸಿಲು ದಾಟಲಾರದು. ನಿನಗೆ ಒಳ್ಳೆಯದು ಮಾಡಲು ಹೋಗಿ ನಿನ್ನ ತವರಿನ ದಾರಿಯನ್ನೇ ಮುಚ್ಚಿಸಿದೆ. ಸಾಕಾಗಿಹೋಗಿದೆ ಗುಬ್ಬಿ. ಇವತ್ತು ಬೆಳಗ್ಗೆಯೂ ಅಮ್ಮ, ಅವಳು ನಾಳೆ ಬರ್ತಾಳಲ್ವಾ, ಅಟ್ಟೆ ಜಾಸ್ತಿ ಕತ್ತರಿಸಿಡ್ಲಾ ಅಂತ ಕೇಳಿದಳು. ಹೂಂ ಅಂದೆ.

ನಾಳೆಯಿಂದ ಚೀಟಿ ತುಂಬು, ನಿನ್ನ ಚೀಲ ಲೆಕ್ಕಕ್ಕೆ ಬರಲಿ. ಕಾಲು ನೋವು ಬಂದರೂ ಸಾಲು ಬಿಡಬೇಡ. ತೂಕದಲ್ಲಿ ಒಂದು ಗ್ರಾಮೂ ಕಡಿಮೆ ಹೇಳಬೇಡ. ಉಳಿದವರಿಗೂ ಹೇಳು.

ಇಂತಿ,
ಸೋತುಹೋದ ನಿನ್ನ ಅಕ್ಕ

ಹೇಳದೆ ಬಿಟ್ಟಿದ್ದು: ತಕ್ಕಡಿಯ ಮುಂದೆ ಕೂತವಳಿಗೆ ತೂಕ ಬರೆಯುವ ಚಟ ಬಿಡುವುದಿಲ್ಲ. ಎರಡು ವರ್ಷದ ನಿಜವಾದ ತೂಕಗಳೆಲ್ಲ ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ಪೆನ್ಸಿಲಿನಲ್ಲಿದ್ದವು. ನಿನ್ನೆ ಆ ಹಾಳೆಗಳಿಗೆ ನನ್ನ ಸಹಿ ಹಾಕಿ ಮುಖ್ಯ ಕಚೇರಿಗೆ ಕಳಿಸಿದೆ. ಈಗಷ್ಟೇ ಫೋನ್ ಬಂತು: ಗೇಟಿನ ವಿಷಯ ಮತ್ತೊಮ್ಮೆ ನೋಡುತ್ತಾರಂತೆ, ನಾನು ನಾಳೆಯಿಂದ ಕೆಲಸಕ್ಕೆ ಬರುವುದು ಬೇಡವಂತೆ. ಕಿಟಕಿಯಲ್ಲಿ ಬೇರೆ ಮುಖ ಕಂಡರೆ ಗಾಬರಿಯಾಗಬೇಡ, ಅಕ್ಕ ಎಲ್ಲಿ ಅಂತ ಕೇಳಲೂಬೇಡ. ಚೀಲ ತೂಗಿಸಿ ಸೀದಾ ಮನೆಗೆ ಬಾ. ಅಮ್ಮನ ಪಕ್ಕದಲ್ಲಿ ಅಟ್ಟೆ ಕತ್ತರಿಸುತ್ತಾ ಕೂತಿರುತ್ತೇನೆ.