ಇಬ್ಬರು ಜನ, ಒಂದು ಹಸು

ವೆರ್ಬಿವ್ಕಾ, ತೆರ್ನೋಪಿಲ್ ಪ್ರಾಂತ
15 ಸೆಪ್ಟೆಂಬರ್ 1957, ಭಾನುವಾರ

ಪ್ರೀತಿಯ ಅಪ್ಪಾ,

ನಿನ್ನ ಉಸಿರಾಟ ಈಗ ಹೇಗಿದೆ? ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆ ಎಂದು ಬರೆದಿದ್ದೆ. ಮಹಡಿ ಮನೆ ಸಿಕ್ಕ ಮೇಲೆ ಮೆಟ್ಟಿಲು ತಪ್ಪುವುದಿಲ್ಲ, ನಿಧಾನವಾಗಿ ಹತ್ತು. ಲಿಂಡನ್ ಹೂವು ಕುದಿಸಿ ಜೇನು ಹಾಕಿಕೊಂಡು ಕುಡಿ. ಇಲ್ಲಿದ್ದಾಗ ಅದರಿಂದಲೇ ನಿನಗೆ ಗುಣವಾಗುತ್ತಿತ್ತು. ಒಣಗಿಸಿದ ಹೂವು ಒಂದು ಪೊಟ್ಟಣ ಕಳಿಸಿದ್ದೇನೆ. ನಾವು ಇಲ್ಲಿ ಇದ್ದೇವೆ. ನನ್ನ ಗಂಡ ವಸಿಲ್ ಸಾಮೂಹಿಕ ಬೇಸಾಯದ ಟ್ರ್ಯಾಕ್ಟರ್ ಓಡಿಸುತ್ತಾನೆ, ನಾನು ಬೀಟ್‌ ಹೊಲದಲ್ಲಿ. ಮಗಳಿಗೆ ನಾಲ್ಕು ತುಂಬಿತು, ಮಾತು ಜಾಸ್ತಿ. ನೀನು ಕಲಿಸಿದ ಪೋಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಹನ್ನೆರಡು ವರ್ಷ ಬಳಸದೆ ಕೈ ತಪ್ಪಿಹೋಗಿದೆ, ತಪ್ಪಿದ್ದರೆ ಓದುವಾಗ ನೀನೇ ತಿದ್ದಿಕೋ. ಅಂಚೆಗೆ ಹಾಕುತ್ತಿಲ್ಲ, ಹಾಕುವಂಥ ಕಾಗದ ಇದಲ್ಲ. ಗಾಲಿ ಬಡಗಿ ಸಿಲ್ವೆಸ್ಟರನ ಹೆಂಡತಿ ಮೆಲಾನ್ಯಾ ನಿನಗೆ ನೆನಪಿರಬೇಕು. ನಿಮ್ಮ ಜೊತೆಯೇ ಅದೇ ರೈಲಿನಲ್ಲಿ ಹೊರಟವಳು. ತಂಗಿಯನ್ನು ನೋಡಲು ಬಂದಿದ್ದಾಳೆ, ಮಂಗಳವಾರ ವಾಪಸು ಹೊರಡುತ್ತಾಳೆ. ಲಂಗದ ಒಳಪದರದಲ್ಲಿಟ್ಟು ತಂದು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾಳೆ.

ಏಪ್ರಿಲ್‌ನಲ್ಲಿ ನಿನ್ನ ಕಾಗದ ಬಂದಾಗ ಅಮ್ಮ ಅಂಗಳದಲ್ಲಿ ಬೀಜದ ಆಲೂಗಡ್ಡೆ ಆರಿಸುತ್ತಿದ್ದಳು. ಮೊದಲ ವರ್ಷ ಬಂದ ಒಂದು ಚೀಟಿ, ‘ತಲುಪಿದೆವು’ ಎಂದಷ್ಟೇ ಇದ್ದದ್ದು, ಅದನ್ನು ಬಿಟ್ಟರೆ ಇದೇ. ಅವಳಿಗೆ ನಿಮ್ಮ ಅಕ್ಷರ ಬಾರದು, ನಾನೇ ಓದಿ ಹೇಳಿದೆ. ಜರ್ಮನರು ಬಿಟ್ಟುಹೋದ ಆ ಮನೆಯಲ್ಲಿ ಹೆಂಚಿನ ಒಲೆ ಇದೆ, ನೀನು ಹೋದಾಗ ಕಪಾಟಿನಲ್ಲಿ ಆ ಜರ್ಮನ್ ಹೆಂಗಸಿನ ತಟ್ಟೆಗಳು ಹಾಗೇ ಇದ್ದವು ಎಂದು ಬರೆದಿದ್ದೆಯಲ್ಲ, ಅದನ್ನೆಲ್ಲ ಓದಿದೆ. ಅಮ್ಮ ಮಧ್ಯೆ ತಡೆದು, ಆ ಹೆಂಗಸು ಈಗ ಯಾವುದರಲ್ಲಿ ಉಣ್ಣುತ್ತಾಳೋ ಎಂದಳು. ತಮ್ಮ ಫ್ಲೋರ್ಯಾನ್ ಸಕ್ಕರೆ ಕಾರ್ಖಾನೆಗೆ ಸೇರಿದ್ದಾನೆ ಎಂದದ್ದನ್ನು ಎರಡು ಸಲ ಓದಿಸಿಕೊಂಡಳು. ‘ನಾಸ್ತ್ಯಾ ಈಗ ದೊಡ್ಡವಳಾಗಿರಬೇಕು, ಮದುವೆ ಮಾತು ನಡೆಯುತ್ತಿದೆಯೋ’ ಎಂದು ಕೇಳಿದ್ದೆ. ಆ ಸಾಲನ್ನು ನುಂಗಿದೆ. ಆಮೇಲಿನದನ್ನೂ ನುಂಗಿದೆ. ಲೆಯೊಕಾದ್ಯಾ ಎನ್ನುವ ವಿಧವೆಯ ಜೊತೆ ಎಂಟು ವರ್ಷದಿಂದ ಇದ್ದೀಯ, ಗಂಡು ಮಗುವಿದೆ, ಚರ್ಚಿನಲ್ಲಿ ಮದುವೆಯಾಗಬೇಕೆಂದರೆ ಪಾದ್ರಿ ಮೊದಲ ಹೆಂಡತಿಯ ಸಾವಿನ ಕಾಗದ ಕೇಳುತ್ತಾನೆ. ಅಮ್ಮ ತೆಕ್ಲ್ಯಾ ನಲವತ್ತಾರರಲ್ಲಿ ವಿಷಮಜ್ವರದಿಂದ ತೀರಿಕೊಂಡಳೆಂದು ಅಲ್ಲಿ ಎಲ್ಲರಿಗೂ ಹೇಳಿದ್ದೀಯ, ಹಾಗಾಗಿ ಊರ ಗುಮಾಸ್ತನನ್ನು ಹಿಡಿದು ಹಾಗೊಂದು ಕಾಗದ ಬರೆಸಿ ಕಳಿಸು ಎಂದು ನನಗೆ ಬರೆದಿದ್ದೆ. ಅಪ್ಪಾ, ಆ ಸಾಲುಗಳ ಮೇಲೆ ನನ್ನ ಕಣ್ಣು ಓಡುತ್ತಿರುವಾಗ ಅಮ್ಮ ಎದುರಿಗೇ ಕೂತು ಆಲೂಗಡ್ಡೆಯ ಮೊಳಕೆ ಮುಟ್ಟಿ ನೋಡುತ್ತಿದ್ದಳು. ಇಷ್ಟೇನಾ ಎಂದು ಕೇಳಿದಳು. ಇಷ್ಟೇ ಎಂದೆ.

ನೀನು ಅಲ್ಲಿ ಅಮ್ಮನಿಗೆ ಅಂಟಿಸಿದ ಜ್ವರ ಇಲ್ಲಿ ತಂಗಿ ನಾಸ್ತ್ಯಾಳನ್ನು ಕೊಂಡೊಯ್ಯಿತು. ನಲವತ್ತೇಳರ ಮಾರ್ಚ್. ಅವಳಿಗೆ ಒಂಬತ್ತು ವರ್ಷ. ನಿನಗೆ ಹೇಳಿಕಳಿಸಲು ನಮ್ಮ ಬಳಿ ವಿಳಾಸವಿರಲಿಲ್ಲ. ಜ್ವರ ಏರಿದಾಗ ಅವಳು ನಿನ್ನ ಪ್ರಾರ್ಥನೆಯನ್ನು ಪೋಲಿಷ್‌ನಲ್ಲೇ ಹೇಳುತ್ತಿದ್ದಳು, ಅಮ್ಮ ಪಕ್ಕದಲ್ಲಿ ಕೂತು ನಮ್ಮ ಭಾಷೆಯಲ್ಲಿ. ನಮ್ಮ ಮನೆಯಲ್ಲಿ ಅದು ಯಾವತ್ತೂ ಹಾಗೇ ಇತ್ತಲ್ಲ. ಗಂಡುಮಕ್ಕಳು ಅಪ್ಪನ ಚರ್ಚಿಗೆ, ಹೆಣ್ಣುಮಕ್ಕಳು ಅಮ್ಮನ ಚರ್ಚಿಗೆ. ಪೋಲಿಷರೂ ಉಕ್ರೇನಿನವರೂ ಕೂಡಿದ ಮನೆಗಳಲ್ಲೆಲ್ಲ ಅದೇ ರೀತಿ. ಡಿಸೆಂಬರಿನಲ್ಲಿ ನಿನ್ನ ಕ್ರಿಸ್ಮಸ್, ಜನವರಿಯಲ್ಲಿ ಅಮ್ಮನದು. ನನಗೂ ನಾಸ್ತ್ಯಾಗೂ ಎರಡೂ ಬೇಕು, ಫ್ಲೋರ್ಯಾನನಿಗೆ ಎರಡೂ ಸಲ ಗಸಗಸೆ ಜೇನಿನ ಗೋಧಿ ಪಾಯಸ ಬೇಕು. ದೇವರಿಗೆ ನಮ್ಮ ಮನೆಯಲ್ಲಿ ಎರಡೆರಡು ಊಟ ಎಂದು ನೀನೇ ನಗುತ್ತಿದ್ದೆ. ಆಮೇಲೆ ನಲವತ್ತೈದರ ಆ ಫೆಬ್ರವರಿ ಬಂತು. ಕಾಡಿನವರು, ನಮ್ಮ ಉಕ್ರೇನಿನ ಬಂಡುಕೋರರು, ಹಳ್ಳದಾಚೆಯ ಪೋಲಿಷ್ ಮನೆಗಳಿಗೆ ಬೆಂಕಿಯಿಟ್ಟರು. ಜಿಗ್ಮುಂತ್ ಚಿಕ್ಕಪ್ಪ, ಚಿಕ್ಕಮ್ಮ ಕಣಜದೊಳಗೇ ಹೋದರು. ಬೆಳಿಗ್ಗೆ ನೀನು ಸಲಿಕೆ ಹಿಡಿದು ಹೋಗಿ ಸಂಜೆ ಬಂದೆ, ಕೈ ತೊಳೆಯದೆ ಬೆಂಚಿನ ಮೇಲೆ ಕೂತೆ. ಅಮ್ಮನ ತಮ್ಮ ಹ್ರಿಂಕೋ ಮಾವ ಆಗಲೇ ಕಾಡು ಸೇರಿ ಎರಡು ವರ್ಷವಾಗಿತ್ತು. ಅವತ್ತು ಅವನು ಆ ಗುಂಪಿನಲ್ಲಿದ್ದನೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನೀನು ಕೇಳಲಿಲ್ಲ, ಅಮ್ಮ ಹೇಳಲಿಲ್ಲ. ಆ ದಿನದಿಂದ ನೀನು ಒಂದು ಮಾತಿಗೂ ಅವಳ ಹೆಸರು ಹಿಡಿದು ಕರೆಯಲಿಲ್ಲ. ನನಗೆ ಹದಿನಾಲ್ಕು ವರ್ಷ, ಅಷ್ಟು ತಿಳಿಯುತ್ತಿತ್ತು.

ಊರು ಸೋವಿಯತ್ತಿಗೆ ಸೇರಿತೆಂದು, ಮೇ ತಿಂಗಳಲ್ಲಿ ಪೋಲೆಂಡಿಗೆ ಹೋಗುವ ಪೋಲಿಷರನ್ನು ಬರೆದುಕೊಳ್ಳಲು ಶಾಲೆಯಲ್ಲಿ ಮೇಜು ಹಾಕಿದರು. ನೀನು ಒಳಗೆ ಹೋದೆ, ನಾವು ಮೂವರು ಮಕ್ಕಳು ಬಾವಿಯ ಹತ್ತಿರ ನಿಂತಿದ್ದೆವು. ಹೊರಗೆ ಬಂದವನು ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದೆ: “ಒಪ್ಪಲಿಲ್ಲ. ಉಕ್ರೇನಿನವರನ್ನು ಬರೆಯಲ್ಲವಂತೆ. ನಾನು, ಫ್ಲೋರ್ಯಾನ್ ಮೊದಲು ಹೋಗ್ತೀವಿ. ಮನೆ ನೋಡಿ ಕರೆಸಿಕೊಳ್ತೀನಿ.” ಅಮ್ಮ ಹದಿನೈದು ದಿನ ರೊಟ್ಟಿ ಕೊಯ್ದು ಕೊಯ್ದು ಒಲೆಯಲ್ಲಿ ಒಣಗಿಸಿ ಚೀಲ ತುಂಬಿದಳು. ಸ್ಟೇಷನ್ನಿನಲ್ಲಿ ಒಂದು ವಾರ ಬಯಲಲ್ಲೇ ಕಾದೆವು, ರೈಲು ಇವತ್ತು ನಾಳೆ ಎನ್ನುತ್ತಾ. ನಾವು ಹಾಲು ಕರೆಯಲು ಹಸುವಿನ ಜೊತೆ ಇದ್ದೆವು. ಕೊನೆಗೆ ಗೂಡ್ಸ್ ಡಬ್ಬಿ ಬಂದಾಗ ಹಲಗೆ ಹಾಕಿ ಹಸುವನ್ನು ಹತ್ತಿಸಿದರು. ಅದು ಹತ್ತಲು ಒಪ್ಪದೆ ಅಮ್ಮನ ಕಡೆ ತಿರುಗುತ್ತಿತ್ತು. ಅಮ್ಮನೇ ಹಲಗೆಯ ಮೇಲೆ ಹೋಗಿ, ಕತ್ತು ಸವರಿ, ಒಳಗೆ ಕಟ್ಟಿಬಂದಳು. ಒಳಗೆ ಹೋದವಳು ಅಲ್ಲೇ ಕೂತುಬಿಟ್ಟಿದ್ದರೆ ಯಾರೂ ಇಳಿಸುತ್ತಿರಲಿಲ್ಲವೇನೋ. ಇಳಿದು ಬಂದಳು. ಹಸುವಿಗೆ ಪಟ್ಟಿಯಲ್ಲಿ ಜಾಗವಿತ್ತು, ನಮಗೆ ಇರಲಿಲ್ಲ. ಹನ್ನೆರಡು ವರ್ಷ ನಾನು ಆ ಮೇಜಿನ ಗುಮಾಸ್ತನನ್ನು ಶಪಿಸಿದೆ. ಅವನ ಮುಖ ನೋಡಿದವಳಲ್ಲ, ಆದರೂ ಬೀಟ್ ಕೀಳುವಾಗ, ನೀರು ಹೊರುವಾಗ ಅವನಿಗೆ ಒಂದು ಮುಖ ಮಾಡಿಕೊಂಡು ಶಪಿಸಿದೆ.

ನೀವು ಹೋದ ಮೇಲೆ ಮನೆಯನ್ನು ಪೋಲಿಷ್ ಮನೆ ಎಂದು ಬರೆದುಕೊಂಡರು. ನಮಗೆ ಹಿಂದಿನ ಕೋಣೆ ಬಿಟ್ಟು, ಉಳಿದದ್ದಕ್ಕೆ ಪೋಲೆಂಡಿನಿಂದ ಹೊರದಬ್ಬಿಸಿಕೊಂಡು ಬಂದ ಉಕ್ರೇನಿನ ಸಂಸಾರವೊಂದನ್ನು ತಂದು ಹಾಕಿದರು. ಪಾಪ, ಅವರದೂ ಅಲ್ಲಿ ಇಂಥದೇ ಮನೆ ಇತ್ತಂತೆ. ಮೊದಲೆರಡು ವರ್ಷ ನಮ್ಮನ್ನು ಪೋಲಿಷನ ಹೆಂಡತಿ, ಪೋಲಿಷನ ಸಂತಾನ ಎಂದೇ ಕರೆದರು. ನಿನ್ನ ಚರ್ಚಿನಲ್ಲಿ ಈಗ ಗೊಬ್ಬರದ ಚೀಲ, ನಮ್ಮ ಚರ್ಚಿನಲ್ಲಿ ಜೋಳ. ಇದರಲ್ಲಿ ಮಾತ್ರ ಯಾರಿಗೂ ಭೇದವಾಗಲಿಲ್ಲ. ನಲವತ್ತಾರರ ಶರತ್ಕಾಲದಲ್ಲಿ ಹ್ರಿಂಕೋ ಮಾವನನ್ನು ಸೋವಿಯತ್ ಸೈನಿಕರು ಕಾಡಿನಲ್ಲಿ ಹೊಡೆದು ಕೊಂದು, ತಂದು, ಊರ ಕಚೇರಿಯ ಮುಂದೆ ಮಲಗಿಸಿದರು. ಊರವರನ್ನೆಲ್ಲ ಹೆಣದ ಮುಂದೆ ನಡೆಸಿದರು. ಅತ್ತವರ ಹೆಸರು ಬರೆದುಕೊಂಡು ಸೈಬೀರಿಯಾಕ್ಕೆ ಕಳಿಸುತ್ತಿದ್ದರು. ಅಮ್ಮ ನನ್ನ ಕೈ ಒಂದರಲ್ಲಿ, ನಾಸ್ತ್ಯಾಳ ಕೈ ಇನ್ನೊಂದರಲ್ಲಿ ಹಿಡಿದು, ತಮ್ಮನ ಪಕ್ಕದಲ್ಲೇ ದಾಟಿ ಹೋದಳು. ಅವನ ಕಾಲಲ್ಲಿ ಬೂಟು ಇರಲಿಲ್ಲ. ಗುರುತಿದೆಯಾ ಎಂದು ಕೇಳಿದರು. ಇಲ್ಲ ಎಂದಳು. ಮನೆಗೆ ಬಂದು ಹಿಟ್ಟು ನಾದಿದಳು, ಆ ಹಿಟ್ಟು ಕಲ್ಲಾಗುವವರೆಗೆ ನಾದಿದಳು. ನೀನು ಇಲ್ಲದೆ ಹೋದದ್ದರಿಂದ ಇದನ್ನೆಲ್ಲ ಯಾರಾದರೂ ನಿನಗೆ ಹೇಳಬೇಕು, ಅದಕ್ಕೆ ಹೇಳುತ್ತಿದ್ದೇನೆ.

ಈಗ ಮೆಲಾನ್ಯಾ ವಿಷಯ. ಕಳೆದ ಗುರುವಾರ ನಮ್ಮ ಕೋಣೆಗೆ ಬಂದಳು, ಪೇಟೆಯವರ ಹಾಗೆ ಕೋಟು ಹಾಕಿದ್ದಾಳೆ. ಬೀಟ್‌ರೂಟ್ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಊರ ಸುದ್ದಿ ಎಲ್ಲ ಹೇಳಿದಳು. ನಾನು ಸುಮ್ಮನಿರಲಾರದೆ ಕೇಳಿದೆ: ನೀನೂ ಅಮ್ಮನ ಹಾಗೆ ನಮ್ಮ ಚರ್ಚಿನವಳು, ಗಂಡ ಮಾತ್ರ ಪೋಲಿಷ್, ನಿನ್ನನ್ನು ಹೇಗೆ ಬರೆದುಕೊಂಡರು? ಅವಳು ಚಮಚ ಕೆಳಗಿಟ್ಟು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. “ಹೇಗೆ ಅಂದ್ರೆ? ಗಂಡ ಹೆಸರು ಹೇಳಿದ, ಅವರು ಬರ್ಕೊಂಡ್ರು. ಹೆಂಡ್ತಿ ಮಕ್ಕಳು ಯಾವ ಜನ ಆದ್ರೂ ಸರಿ, ಒಂದೇ ಮನೇಲಿ ಇದ್ರೆ ಸಾಕು ಅಂತ ಕಾನೂನೇ ಇತ್ತಲ್ಲ. ಅದೇ ಮೇಜು ಕಣೇ, ಅದೇ ದಿನ. ನಿಮ್ಮಪ್ಪನ ಹಿಂದೆಯೇ ನಾವು ನಿಂತಿದ್ದು.” ನಮ್ಮೂರವರೆಲ್ಲ ಒಂದೇ ಕಡೆ ಇಳಿದರೆ ನೀನು ಮಾತ್ರ ಇನ್ನೂ ಎರಡು ಸ್ಟೇಷನ್ ಮುಂದೆ ಹೋಗಿ, ಗುರುತಿನವರಿಲ್ಲದ ಕಡೆ ಇಳಿದೆಯಂತೆ. ಅದನ್ನೂ ಹೇಳಿದಳು.

ಅವಳು ಹೋದ ಮೇಲೆ ನಾನು ಅಮ್ಮನ ಮೇಲೆ ರೇಗಿದೆ. ನಿನ್ನ ಮೇಲೆ ರೇಗಲು ನೀನು ಇರಲಿಲ್ಲವಲ್ಲ. ಆಗ ಅಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. “ನನಗೆ ಅವತ್ತೇ ಗೊತ್ತಿತ್ತು ಕಣೇ. ನಿಮ್ಮನ್ನ ಬಾವಿ ಹತ್ರ ಬಿಟ್ಟು ನಾನು ಶಾಲೆ ಕಿಟಕಿ ಹತ್ರ ಹೋಗಿದ್ದೆ. ಎಷ್ಟು ಜನ ಅಂತ ಕೇಳಿದ್ರು. ಇಬ್ಬರು ಜನ, ಒಂದು ಹಸು ಅಂದ್ರು ನಿಮ್ಮಪ್ಪ. ಹೆಂಡ್ತಿ ಇಲ್ವಾ ಅಂದ್ರು. ಇದ್ದಾಳೆ, ಬರಲ್ಲ ಅಂತಾಳೆ ಅಂದ್ರು.” ಮತ್ತೆ ಯಾಕೆ ಸುಮ್ಮನಿದ್ದೆ, ಒಳಗೆ ಹೋಗಿ ನಾನೂ ಬರ್ತೀನಿ ಅನ್ನಬಹುದಿತ್ತಲ್ಲ ಎಂದೆ. ಅವಳು ಏಪ್ರನ್ನಿನ ತುದಿ ಮಡಿಸುತ್ತಾ ಹೇಳಿದಳು. “ಜಿಗ್ಮುಂತ್ ಹೋದ ಮೇಲೆ ನಿಮ್ಮಪ್ಪ ನಾನು ಬಡಿಸಿದ್ದನ್ನ ತಿನ್ನೋಕೆ ಮುಂಚೆ ನನ್ನ ಕೈ ನೋಡ್ತಿದ್ರು. ದಿನಾ ನೋಡ್ತಿದ್ರು. ಇನ್ನು ಇಪ್ಪತ್ತು ವರ್ಷ ಆ ಕಣ್ಣಿನ ಮುಂದೆ ಬಡಿಸೋದು ನನ್ನ ಕೈಲಿ ಆಗ್ತಿರಲಿಲ್ಲ.” ನಮಗೆ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, ಅಪ್ಪನನ್ನು ಕಾಯುವ ಮಕ್ಕಳಿಗೆ ಏನು ಹೇಳೋದು ಎಂದಳು. ನಾಸ್ತ್ಯಾ ಸಾಯುವ ದಿನದವರೆಗೆ ಕಾದಳು ಅಪ್ಪಾ. ಅಮ್ಮ ಅವಳಿಗೆ ಪ್ರತಿ ಭಾನುವಾರ ಬಿಳಿ ರಿಬ್ಬನ್ ಕಟ್ಟುತ್ತಿದ್ದಳು, ಅಪ್ಪ ಕರೆಸಿಕೊಂಡರೆ ಹೊರಡಲು ತಯಾರಿರಬೇಕೆಂದು ಅವಳೇ ಹಟ ಮಾಡುತ್ತಿದ್ದಳು.

ನಿನ್ನ ತಮ್ಮನನ್ನು ಸುಟ್ಟವರ ಮೇಲೆ ನಿನಗಿದ್ದ ಸಿಟ್ಟು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಚಿಕ್ಕಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಚೆರ್ರಿ ಕೀಳಿಸುತ್ತಿದ್ದ. ನನಗೂ ಅವನು ಬೇಕಾಗಿತ್ತು. ಆದರೆ ನನಗೆ ಆಗ ಹದಿನಾಲ್ಕು, ನಾಸ್ತ್ಯಾಗೆ ಏಳು. ನಾವು ಯಾರ ಕಣಜಕ್ಕೆ ಬೆಂಕಿ ಇಟ್ಟಿದ್ದೆವು? ಅಮ್ಮ ‘ಬರಲ್ಲ’ ಎಂದಳೆಂದು ನೀನೇ ಅವಳ ಬಾಯಿಂದ ಮಾತಾಡಿಬಿಟ್ಟೆ, ನಮ್ಮ ಬಾಯಿಂದ ಏನು ಹೇಳಿದೆ? ಬಹುಶಃ ನಮ್ಮ ವಿಷಯ ಅವರು ಕೇಳಲೇ ಇಲ್ಲ, ನೀನು ಹೇಳಲೇ ಇಲ್ಲ. ಕಾಗದದ ವಿಷಯಕ್ಕೆ ಬಂದರೆ, ನಮ್ಮ ಗುಮಾಸ್ತ ಕುಡುಕ, ಒಂದು ಬಾಟಲಿಗೆ ಯಾರನ್ನು ಬೇಕಾದರೂ ಸಾಯಿಸಿ ಬರೆದು ಕೊಡುತ್ತಾನೆ. ನಾನು ಕೇಳುವುದಿಲ್ಲ. ಬೇಕಾದರೆ ನಾಸ್ತ್ಯಾಳದನ್ನು ಕಳಿಸಬಲ್ಲೆ, ಅದು ನಿಜವಾದ ಕಾಗದ, ನಿನಗೆ ಅದರಿಂದ ಉಪಯೋಗವಿಲ್ಲ. ಲೆಯೊಕಾದ್ಯಾಳ ಮೇಲೆ ನನಗೆ ಕೋಪವಿಲ್ಲ, ಸತ್ತವಳ ಜಾಗಕ್ಕೆ ಬಂದೆನೆಂದು ಅವಳು ತಿಳಿದಿದ್ದಾಳೆ. ಆ ಪುಟ್ಟ ತಮ್ಮನಿಗೆ ನನ್ನ ಮುತ್ತು. ಫ್ಲೋರ್ಯಾನನಿಗೆ ಅಕ್ಕ ಕೇಳಿದಳೆಂದು ಹೇಳು. ಎದೆಗೆ ಗಾಳಿ ಬಡಿಸಿಕೊಳ್ಳಬೇಡ, ಚಳಿಗಾಲ ಬರುತ್ತಿದೆ. ದೇವರು ನಿನ್ನನ್ನು ಕಾಪಾಡಲಿ. ಯಾವ ಚರ್ಚಿನ ದೇವರಾದರೂ ಸರಿ.

ನಿನ್ನ ಮಗಳು
ಪರಾಸ್ಕಾ

ವಿ.ಸೂ.: ಮಂಗಳವಾರ, ಬೆಳಿಗ್ಗೆ. ಹೊರಗೆ ಮೆಲಾನ್ಯಾಳ ಗಾಡಿ ನಿಂತಿದೆ. ಇದನ್ನು ನಿನಗೆ ಬರೆಯಬೇಡ ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು, ಆದರೂ ಬರೆಯುತ್ತಿದ್ದೇನೆ. ಅವಳು ಅಲ್ಲಿಗೆ ಬರುತ್ತಿದ್ದಾಳೆ. ಫ್ಲೋರ್ಯಾನ್ ನಿನಗೆ ತಿಳಿಸದೆ ಮೇ ತಿಂಗಳಲ್ಲೇ ಆಹ್ವಾನದ ಕಾಗದ ಕಳಿಸಿದ್ದ, ತನ್ನ ಮದುವೆಗೆ. ಶುಕ್ರವಾರ ಪರವಾನಗಿ ಕೈಸೇರಿತು. ಅಕ್ಟೋಬರ್ ಮೂರಕ್ಕೆ ಲ್ವಿವ್‌ನಿಂದ ಹೊರಡುತ್ತಾಳೆ. ಅವನಿಗೆ ಕಸೂತಿ ಅಂಗಿ ಹೊಲಿದಿದ್ದಾಳೆ, ಅಳತೆ ಗೊತ್ತಿಲ್ಲದೆ ವಸಿಲ್‌ನನ್ನು ನಿಲ್ಲಿಸಿ ಅಳೆದಳು. ಅಲ್ಲಿ ಎಲ್ಲರೂ ಅವಳು ಸತ್ತಳೆಂದು ತಿಳಿದಿರುವುದರಿಂದ, ಹೆಣ್ಣಿನ ಕಡೆಯವರಿಗೆ ದೂರದ ಚಿಕ್ಕಮ್ಮ ಎಂದು ಹೇಳೋಣವಾ ಅಮ್ಮಾ ಎಂದು ಅವನು ಬರೆದಿದ್ದ. ಆ ಸಾಲನ್ನೂ ನಾನೇ ಅವಳಿಗೆ ಓದಿ ಹೇಳಬೇಕಾಯಿತು. ಆಗಲಿ ಎಂದಳು. ಮಗನ ಮದುವೆಯಲ್ಲಿ ಎಲ್ಲಾದರೂ ಹಿಂದಿನ ಬೆಂಚಿನಲ್ಲಿ ಕೂತರೆ ಸಾಕಂತೆ. ಅಪ್ಪಾ, ಸ್ಟೇಷನ್ನಿಗೆ ನೀನೇ ಹೋಗು. ಲೆಯೊಕಾದ್ಯಾಗೆ ಅಷ್ಟರೊಳಗೆ ನಿನ್ನ ಬಾಯಿಂದಲೇ ಹೇಳಿಬಿಡು. ಅಲ್ಲಿ ಯಾರಾದರೂ ಇವರು ಯಾರು ಎಂದು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಆಗ ಅವಳನ್ನು ಚಿಕ್ಕಮ್ಮ ಎನ್ನಬೇಡ.