ಸೆರಗು ಇಳಿಸಿದಾಗ ಆಡಿದ ಮಾತು

ಹೊನವಾಡ
ಪಂಚಮಿ ಹತ್ತಿರ ಬಂದಿದೆ

ಇಂಗ್ರಿಡ್,

ಕಾಗದದ ಮೊದಲಿಗೆ ನಾವು ಕ್ಷೇಮ, ನಿಮ್ಮ ಕ್ಷೇಮ ತಿಳಿಸಿರಿ ಎಂದು ಬರೆಯಬೇಕೆಂದು ಸಾಲೆಯಲ್ಲಿ ಕಲಿಸಿದ್ದರು. ನಾನು ಕಲಿತದ್ದೇ ಏಳನೇ ಇಯತ್ತೆವರೆಗೆ. ಅಷ್ಟಾದರೂ ನೆಟ್ಟಗೆ ಬರೆಯೋಣವೆಂದು ಕೂತರೆ ಕೈ ಮುಂದೆ ಹೋಗುತ್ತಿಲ್ಲ. ನಾನು ಕ್ಷೇಮ ಇಲ್ಲ. ನೀನು ಇರಬೇಕು. ನಿನ್ನ ಫಿಲ್ಮಿಗೆ ನಿಮ್ಮ ಕಡೆ ಬಹುಮಾನ ಬಂದಿದೆಯೆಂದು ಸೈಮಾ ಹೇಳಿದಳು.

ಈ ಕಾಗದ ನಿನಗೆ ಓದಲು ಬರುವುದಿಲ್ಲ. ಸೈಮಾಳೇ ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಾಳೆ. ಒಂದು ಮಾತೂ ಬಿಡಬೇಡ, ಒಂದು ಮಾತೂ ಮೆತ್ತಗೆ ಮಾಡಬೇಡ ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೇನೆ. ಆದರೂ ಜೀವಕ್ಕೆ ಸಮಾಧಾನ ಇಲ್ಲ. ಇದರಿಂದ ಅವಳ ನೌಕರಿಗೆ ತೊಂದರೆ ಆದರೆ? ಇದನ್ನೂ ನೀನು ಎಲ್ಲಾದರೂ ತೋರಿಸಿಬಿಟ್ಟರೆ? ನನ್ನ ಚಾಳಿ ನಿನಗೆ ಗೊತ್ತೇ ಇದೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಹೊಲದ ಅರ್ಧ ದಾರಿಯಿಂದ ತಿರುಗಿ ಬರುವವಳು ನಾನು. ನೀನು ಕ್ಯಾಮೆರಾ ಹೊತ್ತುಕೊಂಡು ನನ್ನ ಹಿಂದೆಯೇ ತಿರುಗಿ ಬರುತ್ತಿದ್ದೆ, ನಗುತ್ತ. ಎಲ್ಲದಕ್ಕೂ ಇಷ್ಟು ಅಂಜುವವಳು ಅಂಜಬೇಕಾದ ಒಂದೇ ಕಡೆ ಅಂಜದೆ ಕೂತೆನಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಸಂಕ್ರಮಣ ಮುಗಿದ ಮೇಲೆ ನೀನು ಬಂದೆ. ಡೆನ್ಮಾರ್ಕ್ ಎಂಬ ದೇಶದವಳು, ಹಳ್ಳಿಯ ಹೆಣ್ಣುಮಕ್ಕಳ ಓದಿನ ಬಗ್ಗೆ ಫೋಟೋ, ಫಿಲ್ಮು ತೆಗೆಯುತ್ತಾಳೆ, ಪಗಾರ ತೆಗೆದುಕೊಳ್ಳುವುದಿಲ್ಲ, ಸೇವೆ ಮಾಡುತ್ತಾಳೆ ಎಂದು ವಿಜಾಪುರದ ಸಂಸ್ಥೆಯವರು ಹೇಳಿದರು. ಮಾತು ತಿಳಿಸಲು ತಮ್ಮ ಸೈಮಾಳನ್ನು ಜೊತೆಗೆ ಕೊಟ್ಟರು. ನಾವು ಮುಂದಿನ ಖೋಲಿ ನಿನಗೆ ಬಿಟ್ಟುಕೊಟ್ಟೆವು. ಅತ್ತೆಗೆ ಮಾತ್ರ ಸಂಶಯ. “ಪಗಾರ ಇಲ್ಲದ ಇಷ್ಟ ದೂರ ಯಾರರೆ ಬರತಾರೇನ? ಮನ್ಯಾಗ ಜಗಳಾಡಿ ಬಂದಿರಬೇಕ ನೋಡ” ಎಂದರು. ಸೈಮಾ ಅದನ್ನೂ ತಿರುಗಿಸಿ ಹೇಳಿದಾಗ ನೀನು ಅತ್ತೆಯ ಕೈ ಹಿಡಿದುಕೊಂಡು ನಕ್ಕೆ. ನಿನ್ನ ಹೆಸರು ಹೇಳಲು ಅವರ ನಾಲಿಗೆ ಹೊರಳಲಿಲ್ಲ. ಇಂಗವ್ವ ಎಂದು ಕರೆದರು. ಊರೆಲ್ಲ ಅದೇ ಹೆಸರಾಯಿತು.

ಮೊದಲ ದಿನ ನಾನು ನಳದ ಮುಂದೆ ಕೊಡ ತುಂಬುತ್ತಿದ್ದಾಗ ನೀನು ಕ್ಯಾಮೆರಾ ಎತ್ತಿದೆ. ಕಟ್ಟೆಯ ಮೇಲಿಂದ ಅತ್ತೆ ಒದರಿದರು: “ಏ ಸೌಭಾಗ್ಯಾ, ಸೆರಗ ಹೊತ್ಕೊ! ಅದರಾಗ ಎಷ್ಟ ಮಂದಿ ಹಿರ್ಯಾರು ನೋಡತಾರೋ ಏನೋ!” ಗಡಬಡಿಸಿ ಎಳೆದುಕೊಂಡೆ. ಯಾಕೆ ಎಂದು ನೀನು ಕೇಳಿದೆ. ಹಿರಿಯರ ಮುಂದೆ, ಹೊರಗಿನವರ ಮುಂದೆ ತಲೆಯ ಮೇಲೆ ಸೆರಗು ಹೊರುತ್ತಾರೆ, ತವರಿನಲ್ಲಿ, ತಮ್ಮವರೇ ಇದ್ದಲ್ಲಿ ಇಳಿಸುತ್ತಾರೆ ಎಂದು ಸೈಮಾ ತಿಳಿಸಿದಳು. ಆಗ ಕರಾರು ಹಾಕಿದವಳು ನೀನೇ, ಇಂಗ್ರಿಡ್. ನನ್ನ ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಟವೆಲ್ಲು ಇಳಿಸಿ ಕ್ಯಾಮೆರಾ ಕೆಳಗಿಟ್ಟೆ. ಸೆರಗು ಹೊತ್ತಾಗ ತೆಗೆಯುವುದು, ಇಳಿಸಿದಾಗ ತೆಗೆಯುವುದಿಲ್ಲ. ಅದಕ್ಕೆ ಸೈಮಾ ಬೇಕಾಗಲಿಲ್ಲ, ಎಲ್ಲರಿಗೂ ತಿಳಿಯಿತು. ನಳದ ಮುಂದಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ನೆರೆಮನೆಯ ಗುಲಶನ, “ಇಂಗವ್ವಾ, ಸೆರಗ ನಿನಗ ಭೇಷ ಒಪ್ಪತೈತಿ ಬೇ! ನಮ್ಮೂರಾಗ ಒಂದ ವರಾ ನೋಡೂನೇನ?” ಎಂದು ಕೇಳಿದ್ದಳು.

ಆಮೇಲೆ ನಾನು ನಿನ್ನ ಕ್ಯಾಮೆರಾಕ್ಕೆ ಅಂಜಲಿಲ್ಲ. ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುವಾಗ, ರೊಟ್ಟಿ ಬಡಿಯುವಾಗ, ಮಗಳು ಕಾವ್ಯಾ ಕಾಲೇಜಿಗೆ ಹೋಗುವಾಗ ಬಸ್ಸಿನ ತನಕ ಬಿಡಲು ಹೋದಾಗ, ನಾನೇ ಸೆರಗು ಸರಿಮಾಡಿಕೊಂಡು ಹ್ಞೂಂ ಎನ್ನುತ್ತಿದ್ದೆ. ನೀನು ತೆಗೆಯುತ್ತಿದ್ದೆ. ನೀನು ಹೊಟ್ಟೆ ಕೆಟ್ಟು ಮಲಗಿದಾಗ ನೀರು ಕಾಸಿ ಆರಿಸಿ, ನುಚ್ಚು ಮಜ್ಜಿಗೆ ಕಲಸಿ ಕೊಟ್ಟು, ಅಯ್ಯೋ ಪರದೇಶದ ಕೂಸು ನಮ್ಮ ಮನೆಯಲ್ಲಿ ಏನಾದರೂ ಆಗಿಬಿಟ್ಟರೆ ಎಂದು ಎಷ್ಟು ದೇವರಿಗೆ ಬೇಡಿಕೊಂಡೆನೋ. ಅದನ್ನು ಹಂಗಿಸಲು ಬರೆಯುತ್ತಿಲ್ಲ. ಬರೆದ ಮೇಲೆ ಹಂಗಿಸಿದ ಹಾಗೇ ಕಾಣುತ್ತದೆ. ಇರಲಿ.

ನಿನ್ನನ್ನು ಬಬಲೇಶ್ವರಕ್ಕೆ, ನನ್ನ ತವರಿಗೆ ಕರೆದುಕೊಂಡು ಹೋದೆ. ನನ್ನ ಅವ್ವ ಗುರುಬಸವ್ವ ಅಂದು ನನ್ನ ತಮ್ಮ ಮುತ್ತುವಿನ ಮದುವೆಗೆ ಉಟ್ಟಿದ್ದ ಇಳಕಲ್ ಸೀರೆ ಉಟ್ಟು, ತಲೆತುಂಬ ಸೆರಗು ಹೊತ್ತು ನಿನಗಾಗಿ ರೊಟ್ಟಿ ಬಡಿದಳು. “ಇಷ್ಟ ಸಣ್ಣ ಡಬ್ಬ್ಯಾಗ ನಾ ಹ್ಯಾಂಗ ಹಿಡೀತೇನಿ ಯಪ್ಪಾ?” ಎಂದು ನಿನ್ನ ಕ್ಯಾಮೆರಾದ ಮುಂದೆ ನಾಚಿದಳು. ಹೊರಡುವಾಗ ನಿನಗೆ ಉಡಿ ತುಂಬಿದಳು. ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು. ಅಂಗಿ ಹಾಕಿದವಳಿಗೆ ಉಡಿ ಎಲ್ಲಿಯದು, ನನ್ನ ಸೆರಗನ್ನೇ ನಿನ್ನ ಸೊಂಟಕ್ಕೆ ಹಿಡಿದೆ. “ಇದ ನಿನ್ನ ತವರ ಅಂತ ತಿಳಕೊ. ಪಂಚಮಿಗಿ ಬಾ. ಕರಿಯಾಕ ನಮ್ಮ ಮುತ್ತು ಇಮಾನ ತಗೊಂಡ ಬರತಾನ” ಎಂದಳು ಅವ್ವ. ನಿನ್ನ ಕಣ್ಣಲ್ಲಿ ನೀರು ಬಂತು. ಅದು ಖರೆ ನೀರೇ ಇರಬೇಕು. ಈಗ ಯಾವುದು ಖರೆ ಎಂದು ನನಗೆ ಗೊತ್ತಾಗುವುದಿಲ್ಲ.

ಉಡಿ ತುಂಬಿಸಿಕೊಂಡವಳು ಮನೆಯ ಮಗಳು. ಅವಳ ಮುಂದೆ ಯಾರು ಸೆರಗು ಹೊರುತ್ತಾರೆ?

ತವರಿನಿಂದ ತಿರುಗಿ ಬಂದ ಮೇಲೆ ಒಂದು ಮಧ್ಯಾಹ್ನ ನಾನು ತಲೆ ಎರೆದುಕೊಂಡು ಹಿತ್ತಲಲ್ಲಿ ಕೂದಲು ಬಿಟ್ಟು ಕೂತಿದ್ದೆ. ನೀನು, ಸೈಮಾ ಎದುರಿಗೆ ಇದ್ದಿರಿ. ಕ್ಯಾಮೆರಾ ಬೆಕ್ಕು ಮಲಗಿದ ಹಾಗೆ ನಿನ್ನ ತೊಡೆಯ ಮೇಲಿತ್ತು. ಬಂದ್ ಇದೆಯೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಕರಾರು ಇತ್ತಲ್ಲ. ಸಾಲೆ ಯಾಕೆ ಬಿಟ್ಟೆ ಎಂದು ನೀನು ನನ್ನನ್ನು ಕೇಳಿದೆ. ಸೆರಗು ಹೊತ್ತಾಗಲೂ ನೀನು ಎಷ್ಟೋ ಸಲ ಕೇಳಿದ್ದೆ, ನಾನು “ಮನ್ಯಾಗ ತ್ರಾಸ ಇತ್ತು” ಎಂದಷ್ಟೇ ಹೇಳಿದ್ದೆ. ಅಂದು ಬಿಸಿಲಿಗೆ ತಲೆ ಹಗುರಾಗಿತ್ತೋ ಏನೋ, ಯಾರಿಗೂ, ಗಂಡನಿಗೂ ಹೇಳದ್ದನ್ನು ಹೇಳಿಬಿಟ್ಟೆ.

“ಏಳನೆತ್ತೆ ಪಾಸಾಗಿದ್ದೆ. ಅವ್ವ ನನ್ನ ಪಾಟೀಚೀಲ ತಗದು ಪುಸ್ತಕಾ ಸುರುವಿ, ಅದರಾಗ ಬಿತ್ತಾಕ ಜ್ವಾಳದ ಬೀಜ ತುಂಬಿದ್ಲು. ನಾಳಿಂದ ಸಾಲಿ ಇಲ್ಲ ಅಂತ ಬಾಯಿಲೆ ಹೇಳಲಿಲ್ಲ, ಚೀಲ ತುಂಬಿ ಗ್ವಾಡಿಗೆ ತೂಗಹಾಕಿದ್ಲು, ಅಷ್ಟ. ನಾ ಅಕಿಗಿ ಇವತ್ತಿನ ಮಟಾ ಮಾಫಿ ಮಾಡಿಲ್ಲ.” ಇಷ್ಟು ಹೇಳಿ ಅತ್ತುಬಿಟ್ಟೆ. ಅತ್ತು, ಮೂಗು ಒರೆಸಿಕೊಂಡು, ಉಳಿದದ್ದನ್ನೂ ಹೇಳಿದೆ. “ಆದ್ರ ಅಕಿ ಏನ ಮಾಡಬೇಕಿತ್ತ? ಅಪ್ಪ ಸತ್ತಿದ್ದ. ಮುತ್ತು ಮೊಲಿಕೂಸು. ಅಕಿ ಹೊಲಕ್ಕ ಹ್ವಾದ್ರ ಕೂಸಿನ್ನ ಹಿಡಿಯಾವ್ರ ಯಾರು? ನನ್ನ ಪುಸ್ತಕಾ ಒಗೀಲಿಲ್ಲ ಅಕಿ. ಓದಾಕ ಬರೂದಿಲ್ಲ, ಆದ್ರೂ ಧೂಳ ವರಸಿ ವರಸಿ ಗ್ವಾಡಿ ಮಾಡದಾಗ ಇಡತಿದ್ಲು. ನಮ್ಮ ಕಾವ್ಯಾನ್ನ ಕಾಲೇಜಿಗಿ ಹಚ್ಚು ಅಂತ ಎಲ್ಲಾರಕಿಂತ ಮೊದಲ ಹೇಳಿದಾಕಿ ಅಕೀನ. ಇದನ್ನ ಹೇಳಾಕತ್ತಾಗ ತಿಳೀತು ನೋಡ, ನನ್ನ ಸಿಟ್ಟು ಯಾವಾಗೋ ಹೋಗೇತಿ. ಅಕಿ ಮುಂದ ಒಮ್ಮೆ ಕುಂತ ಹೇಳಬೇಕ.”

ನೀನು ನನ್ನನ್ನು ತಬ್ಬಿಕೊಂಡೆ.

ಯುಗಾದಿಗೆ ನೀನು ನಿಮ್ಮ ದೇಶಕ್ಕೆ ಹೋದೆ. ಆಷಾಢದಲ್ಲಿ ನಿನ್ನ ಫಿಲ್ಮು ಕಾವ್ಯಾಳ ಮೊಬೈಲಿಗೆ ಬಂತು. ಮನೆಮಂದಿಯೆಲ್ಲ ಖುಷಿಯಿಂದ ಸುತ್ತ ಕೂತೆವು, ಗುಲಶನಳೂ ಹಿಟ್ಟಿನ ಕೈಯಲ್ಲೇ ಬಂದಳು. ನಾನು ನನ್ನನ್ನು ಹುಡುಕಿದೆ. ಶೆಡ್ಡಿನಲ್ಲಿ ಸೆರಗು ಹೊತ್ತ ನಾನು ಇಲ್ಲ. ಬಸ್ಸಿನ ಹತ್ತಿರದವಳು ಇಲ್ಲ. ನಾನು ಹ್ಞೂಂ ಎಂದು ಕೊಟ್ಟ ಒಂದು ಚಿತ್ರವೂ ಇಲ್ಲ. ಇದ್ದದ್ದೆಲ್ಲ ಬರಿದಲೆಯವಳು. ಬಾಗಿಲ ಸಂದಿಯಿಂದ, ಕಿಟಕಿಯಿಂದ, ನಿನ್ನ ತೊಡೆಯ ಮೇಲಿಂದ. ಅಂದರೆ ಆ ಹಿತ್ತಲಿನ ದಿನ ಒಂದೇ ಅಲ್ಲ, ಬಂದಾಗಿನಿಂದ ನೀನು ಕದಿಯುತ್ತಿದ್ದೆ. ಸೆರಗು ಹೊತ್ತಾಗ ಕ್ಯಾಮೆರಾ ಎತ್ತಿದ್ದು ನನ್ನ ಸಮಾಧಾನಕ್ಕೆ.

ಕಡೆಗೆ ಅವ್ವ ಬಂದಳು. ಇಳಕಲ್ ಸೀರೆ ಉಟ್ಟು ರೊಟ್ಟಿ ಬಡಿಯುತ್ತಿದ್ದಾಳೆ, ನಗುತ್ತಿದ್ದಾಳೆ. ಅದರ ಮೇಲೆ ನನ್ನ ದನಿ: ನಾ ಅಕಿಗಿ ಇವತ್ತಿನ ಮಟಾ ಮಾಫಿ ಮಾಡಿಲ್ಲ. ಅಲ್ಲಿಗೆ ಫಿಲ್ಮು ಮುಗಿಯಿತು. ಅದರ ಇಂಗ್ಲಿಷ್ ಹೆಸರಿಗೆ ‘ಮಾಫಿ ಇಲ್ಲದ ತಾಯಿ’ ಎಂದು ಅರ್ಥವಂತೆ.

ಅತ್ತೆಯೇ ಮೊದಲು ಬಾಯಿ ಬಿಟ್ಟರು. “ಸೆರಗ ಹೊತ್ತ ತಲಿ ಒಂದರೆ ತೋರ್ಸ್ಯಾಳೇನ ಆಕಿ? ನೀನ ಬೇಕಂತ ಇಳಿಸಿ ಕುಂತೀ ಅಂತಾರ ಮಂದಿ.” ನನಗೆ ಬೈದು ಮುಗಿಸಿ, ಆಮೇಲೆ ಹಣೆ ಬಡಿದುಕೊಂಡರು: “ಇಂಗವ್ವ ಅಂತ ಹೆಸರಿಟ್ಟು ನಾವ ಇಂಗ ತಿಂದ ಮಂಗ್ಯಾ ಆದಿವಲ್ಲೋ!” ಬೇರೆ ಹೊತ್ತಿನಲ್ಲಾಗಿದ್ದರೆ ನಕ್ಕು ಸಾಯುತ್ತಿದ್ದೆವು. ತಿಕೋಟಾದ ಸಂತೆಯಲ್ಲಿ ಪರಿಚಯದವಳೊಬ್ಬಳು, “ಏನ ಸೌಭಾಗ್ಯಾ, ಹಡದಾಕೀನ ಜಗತ್ತಿನ ಮುಂದ ನಿಂದರ್ಸಿದ್ಯಂತಲ್ಲ” ಎಂದಳು. ಬದನೆಕಾಯಿ ಆರಿಸುತ್ತಿದ್ದವಳು ಬರಿ ಚೀಲ ಹಿಡಿದು ಮನೆಗೆ ಬಂದೆ.

ಅವ್ವ ಮುತ್ತುವಿನ ಮೊಬೈಲಿನಲ್ಲಿ ನೋಡಿದಳಂತೆ. ಮುಗಿದ ಮೇಲೆ ಮತ್ತೊಮ್ಮೆ ಹಚ್ಚು ಎಂದಳಂತೆ. ನಾನು ಅಳುತ್ತ ಫೋನ್ ಮಾಡಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಜೀವಕ್ಕೆ ಹಗುರಾಗುತ್ತಿತ್ತು. “ದೇಶಕ್ಕೆಲ್ಲಾ ಹೇಳಿದಿ. ನನಗೊಬ್ಬಾಕಿಗಿ ಹೇಳಲಿಲ್ಲಲ್ಲ ಸೌಭಾಗ್ಯಾ” ಎಂದಳು. ಅಷ್ಟೇ. ಅಂದಿನಿಂದ ಫೋನಿಗೆ ಬರುವುದಿಲ್ಲ.

ನಾನು ಸೈಮಾಳನ್ನು ಬೆನ್ನು ಹತ್ತಿದೆ. ಉಳಿದ ಅರ್ಧ ಮಾತು ಎಲ್ಲಿ? ನೀನು ಅದನ್ನು ತಿರುಗಿಸಿ ಹೇಳಲೇ ಇಲ್ಲವೇ ಎಂದು ಅವಳನ್ನು ಕೇಳಿದೆ. ಪಾಪ, ಆ ಹುಡುಗಿ ನನ್ನ ಕಾಲು ಹಿಡಿಯಲು ಬಂದಳು. “ಅಕ್ಕಾ, ಅಲ್ಲಾನ ಆಣಿ, ಎರಡೂ ಹೇಳೇನಿ. ನಿಮ್ಮ ಮುಂದನ ಹೇಳೇನಲ್ಲ.” ಹೌದು, ಹೇಳಿದ್ದಳು. ಅದನ್ನು ಕೇಳಿಯೇ ಅಲ್ಲವೇ ನೀನು ನನ್ನನ್ನು ತಬ್ಬಿಕೊಂಡದ್ದು? ತಿಳಿಯದೆ ಮಾಡಿದ್ದರೆ ಪರದೇಶದವಳು, ನಮ್ಮ ರೀತಿ ರಿವಾಜು ಗೊತ್ತಿಲ್ಲ ಎಂದು ನಾನೇ ಹತ್ತು ಮಂದಿಯ ಮುಂದೆ ನಿನ್ನ ಪರವಾಗಿ ಮಾತಾಡುತ್ತಿದ್ದೆ. ನಿನಗೆ ಎಲ್ಲ ತಿಳಿದಿತ್ತು. ಸೆರಗಿನದೂ ತಿಳಿದಿತ್ತು, ಉಡಿಯದೂ ತಿಳಿದಿತ್ತು, ಅವ್ವನದೂ ತಿಳಿದಿತ್ತು.

ನೀನು ಸೈಮಾಳ ಕೈಯಲ್ಲಿ ಹೇಳಿ ಕಳಿಸಿದೆ: ಅದೇ ಇಡೀ ಫಿಲ್ಮಿನ ಅತಿ ಖರೆ ಗಳಿಗೆಯಂತೆ, ನಿಮ್ಮೂರಿನ ಜನ ನೋಡಿ ಅತ್ತರಂತೆ, ನನ್ನಂಥ ಎಷ್ಟೋ ಹೆಣ್ಣುಮಕ್ಕಳಿಗೆ ಇದರಿಂದ ಒಳ್ಳೆಯದಾಗುತ್ತದಂತೆ. ಆ ಜನ ಯಾರ ಮೇಲೆ ಕನಿಕರಪಟ್ಟು ಅತ್ತರು, ಕೇಳಿದೆಯಾ? ಮೊಲೆಕೂಸು ಕಟ್ಟಿಕೊಂಡು ಹೊಲಕ್ಕೆ ನಿಂತ ವಿಧವೆಗಾಗಿ ಯಾರಾದರೂ ಒಬ್ಬರು ಅತ್ತರಾ? ಅವಳೂ ಹೆಣ್ಣುಮಗಳೇ ಅಲ್ಲವೇ? ಉಳಿದ ಭಾಗ ಕಳಿಸೆಂದು ಕೇಳಿದ್ದಕ್ಕೆ ಹುಡುಕುತ್ತೇನೆ ಎಂದೆ. ಇನ್ನೂ ಹುಡುಕುತ್ತಿದ್ದೀಯ.

ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ಕರೆಯದೆ ಹೋಗುವುದಿಲ್ಲ. ಕರೆಯದೆ ಹೋದವಳನ್ನು ಓಣಿಯಲ್ಲಿ ಹೆಸರಿಟ್ಟು ಆಡಿಕೊಳ್ಳುತ್ತಾರೆ. ಮದುವೆಯಾದಾಗಿನಿಂದ ಒಂದು ವರ್ಷವೂ ನನ್ನ ಕರೆ ತಪ್ಪಿರಲಿಲ್ಲ. ಈ ಸಲ ಓಣಿಯ ಸೊಸೆಯಂದಿರೆಲ್ಲ ಹೋದರು. ಮೋಟರ್ ಸೈಕಲ್ ಸಪ್ಪಳ ಕೇಳಿದರೆ ಸಾಕು, ಹೊರಗೆ ಬಂದು ನೋಡುತ್ತೇನೆ. ನಿನ್ನೆ ನಾನೇ ನಾಚಿಕೆ ಬಿಟ್ಟು ಮುತ್ತುವಿಗೆ ಫೋನ್ ಮಾಡಿದೆ. “ಅಕ್ಕಾ, ಕರಕೊಂಡ ಬಾ ಅಂತ ಅವ್ವ ಅಂದಿಲ್ಲ. ಬ್ಯಾಡಂತನೂ ಅಂದಿಲ್ಲ. ಉಂಡಿ ಕಟ್ಟಾಕ ಶೇಂಗಾ ಹುರದಾಳ, ಕಟ್ಟವಲ್ಲಳು” ಎಂದ.

ಈ ಕಾಗದ ಬರೆಯಲು ಕೂತಾಗ ಆ ಉಳಿದರ್ಧ ಕಳಿಸು, ಅವ್ವನಿಗೆ ತೋರಿಸಬೇಕು ಎಂದು ಕೈಮುಗಿದು ಕೇಳಬೇಕೆಂದಿದ್ದೆ. ಬರೆಯುತ್ತ ಬರೆಯುತ್ತ ಬೇಡ ಅನಿಸಿತು. ಅವ್ವ ಅಂದದ್ದೇನು? ನನಗೊಬ್ಬಳಿಗೆ ಹೇಳಲಿಲ್ಲ ಎಂದಳು. ಅದನ್ನು ಮತ್ತೆ ಮೊಬೈಲಿನಲ್ಲಿ ಹಚ್ಚಿ ಮುಂದೆ ಹಿಡಿದರೆ ಆಗಲೂ ಹೇಳಿದ್ದು ನಿನಗೇ, ಅವಳಿಗಲ್ಲ. ಆದ್ದರಿಂದ ಹುಡುಕುವುದನ್ನು ಬಿಡು. ಅಳಿಸು, ಇಟ್ಟುಕೊ, ಏನಾದರೂ ಮಾಡು.

ನಾಳೆ ಮುಂಜಾನೆ ನಾನು ಕರೆಯದೆ ಹೋಗುತ್ತೇನೆ. ನಮ್ಮ ಮನೆಯವರು ತಿಕೋಟಾ ತನಕ ಬಿಡುತ್ತೇನೆ ಎಂದಿದ್ದಾರೆ. ಅಲ್ಲಿಂದ ವಿಜಾಪುರ, ವಿಜಾಪುರದಿಂದ ಬಬಲೇಶ್ವರ. ಬಸ್ಸು ಇಳಿದಾಗ ಯಾರು ಏನು ಕೇಳುತ್ತಾರೋ, ಅವ್ವ ಮುಖ ತಿರುಗಿಸಿದರೆ ತಿರುಗಿ ಬರುವ ಬಸ್ಸು ಇರುತ್ತದೋ ಇಲ್ಲವೋ, ಎಲ್ಲ ಚಿಂತೆಯೂ ಇದೆ. ಆದರೂ ಹೋಗುತ್ತೇನೆ. ಹುರಿದ ಶೇಂಗಾದ ಮುಂದೆ ಅವಳ ಎದುರಿಗೆ ಕೂತು, ಚೀಲದಿಂದ ಶುರುಮಾಡಿ ಕಡೆಯವರೆಗೆ ಹೇಳುತ್ತೇನೆ. ಅವಳಿಗೆ ಬೈಯುವುದಿದ್ದರೆ ಬೈಯಲಿ, ಎದ್ದು ಹೋಗುವುದಿದ್ದರೆ ಹೋಗಲಿ.

ಅಲ್ಲಿ ಏನಾಯಿತೆಂದು ನಿನಗೆ ತಿಳಿಸುವುದಿಲ್ಲ. ಸೈಮಾಳಿಗೂ ಹೇಳುವುದಿಲ್ಲ, ಅವಳನ್ನು ಕೇಳಬೇಡ. ಅದು ಅವ್ವನದು ಮತ್ತು ನನ್ನದು.

ನಿನಗೆ ಕೆಟ್ಟದಾಗಲಿ ಎಂದು ಬರೆಯಲು ನೋಡಿದೆ, ನನ್ನಿಂದ ಆಗಲಿಲ್ಲ. ಪರದೇಶದಲ್ಲಿ ಒಬ್ಬಳೇ ತಿರುಗುತ್ತೀ, ನೀರು ಕಾಸಿ ಕುಡಿ, ತಣ್ಣಗಿರು. ನಮ್ಮ ಊರಿಗೆ ಮಾತ್ರ ಬರಬೇಡ.

ಇಷ್ಟು ಬರೆದವಳು,
ಬಬಲೇಶ್ವರದ ಗುರುಬಸವ್ವನ ಹಿರಿಮಗಳು
ಸೌಭಾಗ್ಯ